ಸೆಲ್‌ನಲ್ಲಿ ಚಾರ್ಜ್ ಇದೆ, ಬೋರ್ಡ್ ಮಾತ್ರ ಏಳುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಲಿಥಿಯಂ ಬ್ಯಾಟರಿಯದ್ದೇ ಜಾಸ್ತಿ. ಮೊದಲನೆಯ ಪತ್ರಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ, ಯಾಕೆಂದರೆ ಮಳೆಗಾಲದಲ್ಲಿ ಸೋಲಾರ್ ನಂಬಿದ ಎಲ್ಲರಿಗೂ ಅದೇ ತೊಂದರೆ ಬರುತ್ತದೆ.

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ ಇದೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಮೇಲಿನ ಟ್ಯಾಂಕಿಗೆ ಬಿದ್ದು ಅಲ್ಲಿಂದ ಪೈಪಿನಲ್ಲಿ ಮನೆಗೆ ಬರುತ್ತದೆ. ಮಳೆಗಾಲದಲ್ಲಿ ಪೈಪಿಗೆ ಕಸ ಕಟ್ಟಿ ನೀರು ನಿಲ್ಲುವುದುಂಟು, ಜಾರುವ ಗುಡ್ಡೆ ಹತ್ತುವುದು ಕಷ್ಟ. ಟ್ಯಾಂಕಿಯ ಹತ್ತಿರ ಕರೆಂಟ್ ಇಲ್ಲ. ಅದಕ್ಕೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊ ಮಾಡ್ಯೂಲ್ ಸೇರಿಸಿ 15 ನಿಮಿಷಕ್ಕೊಮ್ಮೆ ನೀರಿನ ಮಟ್ಟ ಮನೆಗೆ ತಿಳಿಸುವ ಹಾಗೆ ಮಾಡಿದ್ದೇನೆ. 9900 ಎಂಎಎಚ್ (ಮಿಲಿ ಆಂಪಿಯರ್ ಅವರ್) ಎಂದು ಬರೆದ 18650 ಎಂಬ ಲಿಥಿಯಂ ಸೆಲ್, ಟಿಪಿ4056 ಚಾರ್ಜರ್ ಬೋರ್ಡ್, 6 ವೋಲ್ಟಿನ 1 ವ್ಯಾಟ್ ಪ್ಯಾನೆಲ್ ಇದೆ. ಚಾರ್ಜರಿನಿಂದ ಬಂದ ತಂತಿಯನ್ನು ಇಎಸ್‌ಪಿ32ರ 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದೇನೆ. ಬೇಸಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಮೂರೇ ದಿನಕ್ಕೆ ನಿಂತಿತು. ಆದರೆ ಮೀಟರ್ ಹಿಡಿದರೆ ಸೆಲ್‌ನಲ್ಲಿ ಇನ್ನೂ 3.6 ವೋಲ್ಟ್ ತೋರಿಸುತ್ತದೆ! ನಾಲ್ಕು ಸೆಲ್ ಸೇರಿಸಿ ಹಾಕಲೇ? ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಳ್ಳೆಯದು ಅಂತಾರೆ, ಹೌದೇ?

ಉತ್ತರ: ನಾಲ್ಕು ಸೆಲ್ ಬೇಡ. ಒಳ್ಳೆಯದು ಒಂದೇ ಸಾಕು. ಆದರೆ ಸೆಲ್‌ನ ವಿಷಯ ಕೊನೆಗೆ ನೋಡೋಣ, ಮೊದಲು ನಿಮ್ಮ ಬೋರ್ಡ್ ಎಷ್ಟು ಕರೆಂಟ್ ತಿನ್ನುತ್ತಿದೆ ಎಂದು ಲೆಕ್ಕ ಹಾಕಬೇಕು. ಬ್ಯಾಟರಿಯಲ್ಲಿ ನಡೆಯುವ ಯಾವ ಸಾಧನಕ್ಕೂ ಇದೇ ಕ್ರಮ.

ನೀವು 3.6 ವೋಲ್ಟ್ ಎಂದು ಬರೆದದ್ದು ತುಂಬಾ ಒಳ್ಳೆಯದಾಯಿತು, ಕಾರಣ ಅಲ್ಲೇ ಇದೆ. 5 ವೋಲ್ಟ್ ಪಿನ್ನಿಗೆ ಕೊಟ್ಟದ್ದು ನೇರವಾಗಿ ಚಿಪ್ಪಿಗೆ ಹೋಗುವುದಿಲ್ಲ. ನಡುವೆ ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಒಂದು ರೆಗ್ಯುಲೇಟರ್ ಇರುತ್ತದೆ, ಇಂಥ ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಎಎಂಎಸ್1117. ಅದು 3.3 ವೋಲ್ಟ್ ಕೊಡಬೇಕಾದರೆ ಅದಕ್ಕೆ ಸುಮಾರು 1.1 ವೋಲ್ಟ್ ಹೆಚ್ಚಿಗೆ ಬೇಕು, ಅಂದರೆ 4.4 ವೋಲ್ಟ್. ಲಿಥಿಯಂ ಅಯಾನ್ ಸೆಲ್ ತುಂಬಿ ತುಳುಕುವಾಗಲೂ 4.2 ವೋಲ್ಟ್ ದಾಟುವುದಿಲ್ಲ ಅಲ್ವಾ? ಹಾಗಾಗಿ ಮೊದಲ ದಿನದಿಂದಲೇ ನಿಮ್ಮ ಬೋರ್ಡಿಗೆ ಸಾಕಷ್ಟು ವೋಲ್ಟೇಜ್ ಸಿಕ್ಕಿಲ್ಲ. ಸೆಲ್ 3.6ಕ್ಕೆ ಇಳಿದಾಗ ಚಿಪ್ಪಿಗೆ ಸಿಗುವುದು 2.5ರ ಆಸುಪಾಸು. ಇಎಸ್‌ಪಿ32 ಮಾಡ್ಯೂಲ್‌ಗೆ ಕನಿಷ್ಠ 3.0 ಬೇಕು. ಅದು ಏಳಲು ನೋಡುತ್ತದೆ, ರೇಡಿಯೊ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ರೀಸೆಟ್ ಆಗುತ್ತದೆ, ಮತ್ತೆ ಏಳಲು ನೋಡುತ್ತದೆ. ಸೆಲ್‌ನಲ್ಲಿ ಬಳಸಬಹುದಾದ ಚಾರ್ಜ್ ಉಳಿದಿದ್ದರೂ ಅದು ನಿಮಗೆ ಸಿಗುತ್ತಿಲ್ಲ. ನಾಲ್ಕು ಸೆಲ್ ಹಾಕಿದರೆ ನಾಲ್ಕರಲ್ಲೂ ಹೀಗೇ ಉಳಿಯುತ್ತದೆ.

ಇನ್ನು ಎರಡನೆಯದು, ಇದು ಇನ್ನೂ ದೊಡ್ಡದು: ಬೋರ್ಡ್ ಮಲಗಿದ್ದಾಗ, ಅಂದರೆ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಕೆಲಸವಿಲ್ಲದೆ ಇದ್ದಾಗ, ಎಳೆಯುವ ಕರೆಂಟ್. ಇಎಸ್‌ಪಿ32 ಚಿಪ್ ಡೀಪ್ ಸ್ಲೀಪ್‌ನಲ್ಲಿ 10 ಮೈಕ್ರೊ ಆಂಪಿಯರ್ ಸಾಕು ಎನ್ನುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಅದು ಬರೀ ಚಿಪ್ಪಿನ ಲೆಕ್ಕ. ಬೋರ್ಡಿನ ಮೇಲೆ ಎಎಂಎಸ್1117 ತಾನೊಂದೇ 5 ಮಿಲಿ ಆಂಪಿಯರ್ ಸುಮ್ನೆ ತಿನ್ನುತ್ತದೆ. ಕೆಂಪು ಎಲ್‌ಇಡಿ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಯುಎಸ್‌ಬಿ ಚಿಪ್ ಎಚ್ಚರವಾಗಿಯೇ ಇರುತ್ತದೆ. ಅಲ್ಟ್ರಾಸಾನಿಕ್ ಸೆನ್ಸರಿಗೆ ಯಾವಾಗಲೂ ಸಪ್ಲೈ ಕೊಟ್ಟಿದ್ದರೆ ಅದರದ್ದು ಕೆಲವು ಮಿಲಿ ಆಂಪಿಯರ್. ಲೋರಾ ಮಾಡ್ಯೂಲನ್ನು ಪ್ರೋಗ್ರಾಂನಲ್ಲಿ ಮಲಗಿಸದೆ ಹಾಗೇ ಬಿಟ್ಟಿದ್ದರೆ, ಅದು ಏನೂ ಕಳಿಸದೆ ಕೂತಿದ್ದಾಗಲೂ 1.6 ಮಿಲಿ ಆಂಪಿಯರ್. ಇದನ್ನು ತುಂಬಾ ಮಂದಿ ಮರೆಯುತ್ತಾರೆ, ಇಎಸ್‌ಪಿ32 ಮಲಗಿದರೆ ಲೋರಾ ಕೂಡ ಮಲಗಿತು ಎಂದುಕೊಳ್ಳುತ್ತಾರೆ. ಅದಕ್ಕೆ ಪ್ರತ್ಯೇಕವಾಗಿ ಸ್ಲೀಪ್ ಎಂದು ಹೇಳಲೇಬೇಕು.

ಎಲ್ಲಾ ಕೂಡಿಸಿ 12 ಮಿಲಿ ಆಂಪಿಯರ್ ಎಂದು ಹಿಡಿಯಿರಿ. ದಿನಕ್ಕೆ 24 ಗಂಟೆ ಗುಣಿಸಿದರೆ 288 ಎಂಎಎಚ್. ಇಷ್ಟು ಮಲಗಿದ್ದಕ್ಕೇ ಹೋಯಿತು.

ಕೆಲಸಕ್ಕೆ ಎಷ್ಟು ಬೇಕು ನೋಡಿ. 15 ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ಸಲ. ಒಂದು ಸಲ ಎದ್ದು, ಅಳೆದು, ಕಳಿಸಿ ಮಲಗಲು 3 ಸೆಕೆಂಡ್, ಸರಾಸರಿ 100 ಮಿಲಿ ಆಂಪಿಯರ್ ಎಂದುಕೊಳ್ಳೋಣ. ವೈಫೈ ಬಳಸದೆ ಲೋರಾ ಮಾತ್ರ ಬಳಸುವುದರಿಂದ ಇಷ್ಟು ಸಾಕು. 96 × 3 × 100 ಅನ್ನು 3600ರಿಂದ ಭಾಗಿಸಿದರೆ 8 ಎಂಎಎಚ್. ದಿನವಿಡೀ ಮಾಡಿದ ಕೆಲಸಕ್ಕೆ 8, ಸುಮ್ಮನೆ ಮಲಗಿದ್ದಕ್ಕೆ 288! ಮೂರು ದಿನಕ್ಕೆ ನಿಂತದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ.

ಮಲಗಿದಾಗಿನ ಕರೆಂಟನ್ನು 0.05 ಮಿಲಿ ಆಂಪಿಯರಿಗೆ ಇಳಿಸಿದರೆ ದಿನಕ್ಕೆ 1.2 ಎಂಎಎಚ್ ಮಾತ್ರ. ಒಟ್ಟು 9.2. ನಿಜವಾದ 2500 ಎಂಎಎಚ್ ಸೆಲ್‌ನಲ್ಲಿ 2000 ಬಳಸಬಹುದು ಎಂದು ಇಟ್ಟುಕೊಂಡು, ಸೆಲ್ ತಾನಾಗಿ ಕಳೆದುಕೊಳ್ಳುವುದಕ್ಕೆ ಇನ್ನೊಂದು 250 ಬಿಟ್ಟರೂ 190 ದಿನ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 122 ದಿನ. ಅಂದರೆ ಆಟಿ ತಿಂಗಳಿಡೀ ಸೂರ್ಯ ಮುಖ ತೋರಿಸದಿದ್ದರೂ ನಿಮ್ಮ ಸಾಧನ ನಿಲ್ಲಬಾರದು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದು ಈ ನಾಲ್ಕು ತಿಂಗಳಲ್ಲೇ. ಇಲ್ಲಿ ಪ್ಯಾನೆಲ್ ಇಲ್ಲವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಬೇಕು, ಬಿಸಿಲು ಬಂದರೆ ಅದು ಲಾಭ.

ಹಾಗಾದರೆ ಏನು ಮಾಡಬೇಕು? ಈಗ ಇರುವ ಡೆವಲಪ್‌ಮೆಂಟ್ ಬೋರ್ಡ್ ಮೇಜಿನ ಮೇಲೆ ಪ್ರೋಗ್ರಾಂ ಬರೆಯಲು ಇರಲಿ. ಗುಡ್ಡೆಗೆ ಬರೀ ಇಎಸ್‌ಪಿ32 ಮಾಡ್ಯೂಲ್ ಹಾಕಿ, ಇಲ್ಲವೇ ಬ್ಯಾಟರಿಗೆಂದೇ ಮಾಡಿದ ಬೋರ್ಡ್ ತಗೊಳ್ಳಿ. ರೆಗ್ಯುಲೇಟರಿಗೆ ಎಂಸಿಪಿ1700ರ 3.3 ವೋಲ್ಟಿನದ್ದು ನನಗೆ ಇಷ್ಟ. ತಾನು ತಿನ್ನುವುದು 1.6 ಮೈಕ್ರೊ ಆಂಪಿಯರ್, 250 ಮಿಲಿ ಆಂಪಿಯರ್ ಕೊಡುವಾಗಲೂ 0.2 ವೋಲ್ಟಿಗಿಂತ ಕಡಿಮೆ ಹೆಚ್ಚುವರಿ ಸಾಕು, ಮೂರು ಕಾಲಿನ ಸಣ್ಣ ಟ್ರಾನ್ಸಿಸ್ಟರ್ ಆಕಾರದಲ್ಲಿ ಸಿಗುವುದರಿಂದ ಕೈಯಲ್ಲೇ ಬೆಸುಗೆ ಹಾಕಬಹುದು. ಸೆಲ್ 3.5ಕ್ಕೆ ಇಳಿಯುವವರೆಗೂ ಪೂರ್ತಿ 3.3 ಸಿಗುತ್ತದೆ, ಅದರ ಕೆಳಗೆ ಸ್ವಲ್ಪ ಇಳಿದರೂ ಚಿಪ್ ನಡೆಯುತ್ತದೆ. ಆದರೆ ಇದು 250ಕ್ಕೆ ಸೀಮಿತ, ವೈಫೈ ಬಳಸುವುದಾದರೆ ಸಾಲದು, ಆಗ 500–600 ಮಿಲಿ ಆಂಪಿಯರ್ ಕೊಡುವ ಬೇರೆಯದು ನೋಡಬೇಕು. ಮಾಡ್ಯೂಲಿನ ಪಕ್ಕದಲ್ಲೇ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಇರಲಿ, ರೇಡಿಯೊ ಏಳುವ ಕ್ಷಣದ ಎಳೆತವನ್ನು ಅದು ತಡೆದುಕೊಳ್ಳುತ್ತದೆ.

ಸೆನ್ಸರಿನ ಸಪ್ಲೈಯನ್ನು ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದು ಪಿ-ಚಾನೆಲ್ ಮಾಸ್‌ಫೆಟ್ ಮೂಲಕ ಕೊಡಿ, ಅಳೆಯುವ ಹೊತ್ತಿಗೆ ಮಾತ್ರ ಆನ್ ಆಗಲಿ. 3.3 ವೋಲ್ಟಿನಲ್ಲಿ ನಡೆಯುವ ವಾಟರ್‌ಪ್ರೂಫ್ ಸೆನ್ಸರ್‌ಗಳು ಸಿಗುತ್ತವೆ, ಅಂಥದ್ದೇ ಹುಡುಕಿ. ಸೆನ್ಸರ್ ಆಫ್ ಇರುವಾಗ ಅದಕ್ಕೆ ಹೋಗುವ ಸಿಗ್ನಲ್ ಪಿನ್ ಹೈ ಆಗಿರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಆ ಪಿನ್ನಿನ ಮೂಲಕವೇ ಕರೆಂಟ್ ನುಸುಳುತ್ತದೆ.

ಮಲಗಿದಾಗಿನ ಕರೆಂಟ್ ಅಳೆಯಲು ಒಂದು ಉಪಾಯ: ಮೀಟರನ್ನು ಮೈಕ್ರೊ ಆಂಪಿಯರ್ ರೇಂಜಿನಲ್ಲಿ ಸೀರೀಸ್ ಹಾಕಿ, ಅದರ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿಡಿ. ಬೋರ್ಡ್ ಎದ್ದು ಕೆಲಸ ಮುಗಿಸಿ ಮಲಗಲಿ. ಮಲಗಿದ ಮೇಲೆ ತಂತಿ ತೆಗೆಯಿರಿ, ಮೀಟರಿನಲ್ಲಿ ನಿಜವಾದ ಲೆಕ್ಕ ಕಾಣುತ್ತದೆ. ತಂತಿ ಇಲ್ಲದಿದ್ದರೆ ಏಳುವಾಗಿನ ಕರೆಂಟಿಗೆ ಮೀಟರಿನೊಳಗೇ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗುತ್ತದೆ. ಈ ಒಂದು ಅಳತೆ ಮಾಡದೆ ಸೆಲ್ ಕೊಳ್ಳಲು ಹೋಗಬೇಡಿ.

ಈಗ ಸೆಲ್. 9900 ಎಂಎಎಚ್‌ನ 18650 ಸೆಲ್ ಎಂಬುದೇ ಇಲ್ಲ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಡಬ್ಬಿಯಲ್ಲಿ ಒಳ್ಳೆಯ ಕಂಪೆನಿಗಳು ಕೊಡುವುದು 2000ದಿಂದ 3500ರ ಆಸುಪಾಸು. 9900 ಎಂದು ಬರೆದದ್ದರಲ್ಲಿ ಸಾವಿರ ಚಿಲ್ಲರೆ ಇರುವುದೇ ಸಾಮಾನ್ಯ. ತೂಕ ಹಾಕಿ ನೋಡಿ, ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. 30 ಗ್ರಾಂ ತೂಗಿದರೆ ಒಳಗೆ ಸರಕೇ ಇಲ್ಲ ಎಂದರ್ಥ. ಕೊಳ್ಳುವಾಗ ಬಿಐಎಸ್ ಗುರುತು, ಐಎಸ್ 16046 ಎಂಬ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. 2500 ಎಂದು ಪ್ರಾಮಾಣಿಕವಾಗಿ ಬರೆದ ಸೆಲ್ ಸಾಕು.

ಟಿಪಿ4056 ಬೋರ್ಡ್‌ನಲ್ಲಿ ಎರಡು ನಮೂನೆ. ಬ್ಯಾಟರಿಗೆ ಎರಡು, ಔಟ್‌ಪುಟ್‌ಗೆ ಬೇರೆ ಎರಡು ಜಾಗ ಇದ್ದರೆ ಅದರಲ್ಲಿ ರಕ್ಷಣೆಯ ಚಿಪ್ ಇದೆ. ಬ್ಯಾಟರಿಗೆ ಮಾತ್ರ ಜಾಗ ಇದ್ದರೆ ಇಲ್ಲ, ಅದು ಬೇಡ. ರಕ್ಷಣೆ ಇರುವುದಕ್ಕೆ ಮೊದಲ ಸಲ ಸೆಲ್ ಹಾಕಿದಾಗ ಔಟ್‌ಪುಟ್ ಬರದೇ ಇರಬಹುದು, ಹಾಳಾಗಿದೆ ಎಂದು ಎಸೆಯಬೇಡಿ, ಒಮ್ಮೆ ಚಾರ್ಜಿಗೆ ಹಾಕಿದರೆ ಏಳುತ್ತದೆ. ಆದರೆ ಆ ಚಿಪ್ ಸೆಲ್ಲನ್ನು ಕಡಿತ ಮಾಡುವುದು 2.4 ವೋಲ್ಟಿನಲ್ಲಿ. ಅದು ಕಟ್ಟಕಡೆಯ ಕಾವಲು, ದಿನಾ ಅಲ್ಲಿಯವರೆಗೆ ಇಳಿಸಿದರೆ ಸೆಲ್ ಬೇಗ ಸಾಯುತ್ತದೆ. ಎರಡು 1 ಮೆಗಾಓಮ್ ರೆಸಿಸ್ಟರ್ ಹಾಕಿ ಸೆಲ್ ವೋಲ್ಟೇಜನ್ನು ಅರ್ಧ ಮಾಡಿ ಚಿಪ್ಪಿಗೆ ಓದಲು ಕೊಡಿ, ಓದುವ ಪಿನ್ನಿಗೂ ನೆಗೆಟಿವ್‌ಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. 3.3ಕ್ಕೆ ಇಳಿದರೆ ಆರು ಗಂಟೆಗೊಮ್ಮೆ ಮಾತ್ರ ಏಳು ಎಂದು ಪ್ರೋಗ್ರಾಂನಲ್ಲಿ ಬರೆಯಿರಿ. ನೀರಿನ ಮಟ್ಟದ ಜೊತೆಗೆ ಸೆಲ್ ವೋಲ್ಟೇಜನ್ನೂ ಮನೆಗೆ ಕಳಿಸಿ, ಆಗ ನಿಲ್ಲುವ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ತಿದ್ದುಪಡಿ ಚಾರ್ಜಿಂಗ್ ಕರೆಂಟಿನದ್ದು. ಈ ಬೋರ್ಡ್ 1 ಆಂಪಿಯರಿಗೆ ಹೊಂದಿಸಿ ಬರುತ್ತದೆ, ನಿಮ್ಮ ಪ್ಯಾನೆಲ್ ಕೊಡುವುದು ಒಳ್ಳೆಯ ಬಿಸಿಲಿನಲ್ಲೂ 160 ಮಿಲಿ ಆಂಪಿಯರ್. ಚಾರ್ಜರ್ ಜಾಸ್ತಿ ಎಳೆಯಲು ಹೋಗಿ ಪ್ಯಾನೆಲ್‌ನ ವೋಲ್ಟೇಜ್ ಕುಸಿಯುತ್ತದೆ. ಬೋರ್ಡಿನ ಮೇಲೆ 122 ಎಂದು ಬರೆದ 1.2 ಕಿಲೊಓಮ್ ರೆಸಿಸ್ಟರ್ ಇರುತ್ತದೆ. ಅದನ್ನು ತೆಗೆದು 10 ಕಿಲೊಓಮ್ ಹಾಕಿದರೆ 130 ಮಿಲಿ ಆಂಪಿಯರಿಗೆ ನಿಲ್ಲುತ್ತದೆ. ನಿಮ್ಮ ಲೆಕ್ಕಕ್ಕೆ ಒಂದೆರಡು ಗಂಟೆ ಬಿಸಿಲು ಸಿಕ್ಕರೆ ವಾರಗಳ ಊಟ ಆಯಿತು.

ಐರನ್ ಫಾಸ್ಫೇಟ್ ಸೆಲ್ ನಿಜಕ್ಕೂ ಒಳ್ಳೆಯದು, ಬಿಸಿ ಹೆಚ್ಚು ತಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಆದರೆ ಅದು ತುಂಬುವುದು 3.65 ವೋಲ್ಟಿಗೆ. ಟಿಪಿ4056 ಅದನ್ನು 4.2ಕ್ಕೆ ಏರಿಸಲು ನೋಡುತ್ತದೆ, ಹಾಗಾಗಿ ಈ ಚಾರ್ಜರ್ ಜೊತೆಗೆ ಖಂಡಿತಾ ಬೇಡ. ಟಿಪಿ5000 ಎಂಬ ಚಿಪ್ಪಿನ ಬೋರ್ಡನ್ನು 3.6ಕ್ಕೆ ಹೊಂದಿಸಬಹುದು. ಈಗ ಇರುವುದನ್ನು ಸರಿಮಾಡಿ, ಮುಂದಿನ ಸಲ ಮಾಡುವಾಗ ಅದನ್ನು ಯೋಚಿಸಿ.

ಸೆಲ್ಲನ್ನು ಪ್ಯಾನೆಲ್‌ನ ಬೆನ್ನಿಗೆ ಅಂಟಿಸಬೇಡಿ. 45 ಡಿಗ್ರಿ ದಾಟಿದ ಸೆಲ್ಲಿಗೆ ಚಾರ್ಜ್ ಮಾಡಬಾರದು, ಮಾರ್ಚ್ ತಿಂಗಳ ಬಿಸಿಲಿಗೆ ಮುರಕಲ್ಲಿನ ಗುಡ್ಡೆಯ ಮೇಲೆ ಮುಚ್ಚಿದ ಡಬ್ಬಿಯೊಳಗೆ ಅಷ್ಟಾಗಲು ಹೊತ್ತು ಬೇಡ. ಬಿಳಿ ಡಬ್ಬಿ, ಮರದ ನೆರಳು, ಪ್ಯಾನೆಲ್ ಮಾತ್ರ ಬಿಸಿಲಿಗೆ. ತಂತಿಗಳು ಡಬ್ಬಿಯ ತಳದಿಂದ ಒಳಗೆ ಹೋಗಲಿ, ಸಂದುಗಳನ್ನು ಮುಚ್ಚಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಸೆಲ್ ಹೋಲ್ಡರಿನ ಸ್ಪ್ರಿಂಗಿಗೆ ಮಳೆಗಾಲದಲ್ಲಿ ಕಿಲುಬು ಹಿಡಿಯುವುದರಿಂದ ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿ ಬಂದ ಸೆಲ್ ಆದರೆ ಉತ್ತಮ.

ಅಂದ ಹಾಗೆ, ಲೋರಾ ಮಾಡ್ಯೂಲ್ 433 ಮೆಗಾಹರ್ಟ್ಸ್‌ನದ್ದೇ? ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಅದೇ. ನಮ್ಮ ದೇಶದಲ್ಲಿ ಈ ಬಗೆಯ ಕೆಲಸಕ್ಕೆ ಪರವಾನಗಿ ಇಲ್ಲದೆ ಬಳಸಬಹುದಾದದ್ದು 865–868 ಮೆಗಾಹರ್ಟ್ಸ್. ಬದಲಿಸಿಬಿಡಿ.

ಪ್ರಶ್ನೆ: ಕುಂಬಳೆ ಕಡೆಯ ಶಾಲೆಯಲ್ಲಿ ಅಧ್ಯಾಪಿಕೆ ನಾನು. ಶಾಸ್ತ್ರೋತ್ಸವಕ್ಕೆ (ಶಾಲಾ ವಿಜ್ಞಾನ ಮೇಳ) ಮಕ್ಕಳು ತುರ್ತು ದೀಪ ಮಾಡುತ್ತಿದ್ದಾರೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಆರು ಸೆಲ್ ಒಬ್ಬ ಹುಡುಗ ತಂದಿದ್ದಾನೆ. ಬಳಸಬಹುದೇ?

ಉತ್ತರ: ಟೀಚರ್, ಮೊದಲು ಆ ಪ್ಯಾಕ್ ಒಡೆಯುವ ಕೆಲಸ ಮಕ್ಕಳು ಇನ್ನು ಮಾಡದಂತೆ ಹೇಳಿ. 18650ರಲ್ಲಿ ಮೇಲಿನ ಗುಂಡಿ ಮಾತ್ರ ಪಾಸಿಟಿವ್, ಉಳಿದ ಇಡೀ ಲೋಹದ ಮೈ ನೆಗೆಟಿವ್. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಒಂದು ಸ್ಕ್ರೂಡ್ರೈವರ್ ತಾಗಿದರೂ ಶಾರ್ಟ್.

ಇರುವ ಆರನ್ನು ನೀವೇ ಪರೀಕ್ಷಿಸಿ. ಹೊದಿಕೆ ಹರಿದದ್ದು, ತುಕ್ಕು ಹಿಡಿದದ್ದು, ಸಿಹಿ ವಾಸನೆ ಬರುವುದು ಬದಿಗಿಡಿ. ಮೀಟರಿನಲ್ಲಿ 2 ವೋಲ್ಟಿಗಿಂತ ಕಡಿಮೆ ಇರುವುದನ್ನು ಎಬ್ಬಿಸಲು ಹೋಗಲೇಬೇಡಿ. ಅಷ್ಟು ಕೆಳಗೆ ಇಳಿದು ಬಹಳ ದಿನ ಕೂತ ಸೆಲ್‌ನೊಳಗೆ ತಾಮ್ರದ ಹಾಳೆ ಕರಗಿರುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಒಳಗೇ ಬೆಳೆದು ಶಾರ್ಟ್ ಮಾಡಬಹುದು. ಉಳಿದದ್ದನ್ನು ನಿಮ್ಮ ಕಣ್ಣೆದುರಲ್ಲೇ ನಿಧಾನವಾಗಿ 4.2ರವರೆಗೆ ಚಾರ್ಜ್ ಮಾಡಿ. ಚಾರ್ಜ್ ಆಗುವಾಗ ಬಿಸಿಯಾದರೆ ಬೇಡ. ಎರಡು ವಾರ ಬಿಟ್ಟು ಅಳೆದಾಗ 4.0ಕ್ಕಿಂತ ಇಳಿದಿದ್ದರೂ ಬೇಡ.

ಇಷ್ಟೆಲ್ಲಾ ಮಾಡುವ ಬದಲು, ಮಕ್ಕಳ ಕೈಗೆ ಹೋಗುವ ದೀಪಕ್ಕೆ ರಕ್ಷಣೆಯ ಸರ್ಕ್ಯೂಟ್ ಇರುವ ಹೊಸ ಸೆಲ್ ಒಂದು ಕೊಂಡುಕೊಡಿ ಎಂದೇ ನನ್ನ ಸಲಹೆ. ದೀಪಕ್ಕೆ ಒಂದೇ ಸೆಲ್ ಸಾಕು. ಬಿಳಿ ಎಲ್‌ಇಡಿಗೆ 3 ವೋಲ್ಟ್ ಚಿಲ್ಲರೆ ಬೇಕಿರುವುದರಿಂದ ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ ಹಾಕಿ ನೇರವಾಗಿ ಉರಿಸಬಹುದು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು, ಹೋಲ್ಡರ್ ಬಳಸಲಿ. ಹಳೆಯ ಸೆಲ್ ಪರೀಕ್ಷೆ ಮಾಡಿದ ಲೆಕ್ಕವನ್ನು ಚಾರ್ಟ್ ಮಾಡಿ ಗೋಡೆಗೆ ಹಾಕಿದರೆ ಅದೇ ಒಂದು ಒಳ್ಳೆಯ ಪ್ರದರ್ಶನವಾಗುತ್ತದೆ. ಸ್ಪರ್ಧೆಯ ಜಾಗಕ್ಕೆ ಒಯ್ಯುವಾಗ ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ, ಚಿಲ್ಲರೆ ಹಣ, ಬೀಗದ ಕೈ ಇರುವ ಜೇಬಿನಲ್ಲಿ ಬೇಡವೇ ಬೇಡ.

ಪ್ರಶ್ನೆ: ಮಂಜೇಶ್ವರದ ಕಾಲೇಜು ವಿದ್ಯಾರ್ಥಿ. ಕರೆಂಟ್ ಹೋದಾಗ ಮನೆಯ 12 ವೋಲ್ಟ್ ರೌಟರ್ ನಿಲ್ಲದಂತೆ ಟಿಪಿ4056, ಎರಡು ಸೆಲ್, ವೋಲ್ಟೇಜ್ ಏರಿಸುವ ಒಂದು ಬೂಸ್ಟ್ ಬೋರ್ಡ್ ಸೇರಿಸಿ ಮಾಡಬಹುದೇ? ಯಾವಾಗಲೂ ಚಾರ್ಜಿಗೆ ಹಾಕಿಯೇ ಇಡುವುದು.

ಉತ್ತರ: ಆ ಕೊನೆಯ ಮಾತಿನಲ್ಲೇ ತೊಡಕು. ಟಿಪಿ4056 ಸೆಲ್ ತುಂಬಿತೆಂದು ತಿಳಿಯುವುದು ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ. ರೌಟರ್ ಅದೇ ತಂತಿಯಿಂದ ಎಳೆಯುತ್ತಿದ್ದರೆ ಕರೆಂಟ್ ಇಳಿಯುವುದೇ ಇಲ್ಲ, ಚಾರ್ಜರಿಗೆ ಯಾವತ್ತೂ ಸಾಕು ಅನ್ನಿಸುವುದಿಲ್ಲ. ಲೆಕ್ಕವೂ ಕೂಡುವುದಿಲ್ಲ: 8 ವ್ಯಾಟ್ ರೌಟರಿಗೆ ಬೂಸ್ಟ್‌ನ ನಷ್ಟ ಸೇರಿ 3.6 ವೋಲ್ಟಿನಲ್ಲಿ 2.6 ಆಂಪಿಯರ್ ಬೇಕು, ನಿಮ್ಮ ಚಾರ್ಜರ್ ಕೊಡುವುದು 1. ಕರೆಂಟ್ ಇದ್ದಾಗಲೂ ಸೆಲ್ ಖಾಲಿಯಾಗುತ್ತಾ ಹೋಗುತ್ತದೆ.

ಕಲಿಯಲು ಮಾಡುವುದಾದರೆ ಪವರ್ ಪಾತ್ ಇರುವ ಚಾರ್ಜರ್ ಚಿಪ್ ನೋಡಿ. ಎಂಸಿಪಿ73871, ಬಿಕ್ಯೂ24074 ಅಂಥವು. ಅವು ಲೋಡಿಗೂ ಸೆಲ್ಲಿಗೂ ದಾರಿ ಬೇರೆ ಮಾಡುತ್ತವೆ. ಸಣ್ಣ ಸಾಧನಗಳಿಗೆ ಚೆನ್ನಾಗಿವೆ, ರೌಟರಿಗೆ ಅವೂ ಸಾಲವು. ಮನೆಯವರೆಲ್ಲ ಮಲಗಿದ ಮೇಲೂ ಚಾರ್ಜಿನಲ್ಲೇ ಇರುವ ವಸ್ತು ಇದು. ರೌಟರಿಗೆ ರೆಡಿಮೇಡ್ ಮಿನಿ ಯುಪಿಎಸ್ ಕೊಳ್ಳಿ, ನಿಮ್ಮ ಕೈಚಳಕವನ್ನು ಬೇರೆ ಕಡೆ ತೋರಿಸಿ.

ಪ್ರಶ್ನೆ: ಮುಳ್ಳೇರಿಯದಿಂದ. ಹೊಸ ಲಿಥಿಯಂ ಬ್ಯಾಟರಿಯನ್ನು ಒಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿಸಬೇಕೇ? ಮತ್ತೆ, ಹಳೆಯ ಫೋನಿನ ಬ್ಯಾಟರಿ ಉಬ್ಬಿದೆ, ಏನು ಮಾಡಲಿ?

ಉತ್ತರ: ಖಾಲಿ ಮಾಡಬೇಕಾಗಿಲ್ಲ. ಅದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಅಭ್ಯಾಸ. ಲಿಥಿಯಂ ಅಯಾನ್ ಸೆಲ್ 1991ರಲ್ಲಿ ಮಾರುಕಟ್ಟೆಗೆ ಬಂದ ಮೇಲೂ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಇದಕ್ಕೆ ಅರ್ಧಂಬರ್ಧ ತುಂಬಿಸಿ ಬಳಸುವುದೇ ಹಿತ. ಬಳಸದೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡಿ.

ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಸುಲಭವಾಗಿ ಕಳಚಿ ಬಂದರೆ ತೆಗೆದು ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲಿಟ್ಟು ಮನೆಯ ಹೊರಗೆ, ಮಳೆ ಬೀಳದ ಕಡೆ ಇಡಿ. ಅಂಟಿಕೊಂಡಿದ್ದರೆ ಎಳೆಯಲು ಹೋಗಬೇಡಿ, ಫೋನ್ ಸಮೇತ ಹಾಗೇ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು, ಹಾಗಾಗಿ ಆ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಿ. ಆಗದಿದ್ದರೆ ಪಂಚಾಯತಿನಲ್ಲಿ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ. ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ ಕೊಟ್ಟುಬಿಡಬೇಡಿ. ಆ ಚೀಲಗಳನ್ನು ಅವರು ಕೈಯಲ್ಲಿ ಒತ್ತಿ ಕಟ್ಟುತ್ತಾರೆ, ಗೋದಾಮಿನಲ್ಲಿ ರಾಶಿ ಹಾಕುತ್ತಾರೆ. ಇದು ಉಬ್ಬಿದ ಲಿಥಿಯಂ ಬ್ಯಾಟರಿ ಎಂದು ಬಾಯಿಬಿಟ್ಟು ಹೇಳಿ, ಬೇರೆಯಾಗಿ ಕೊಡಿ.